ಹಗೇವಿನ ಜೋಳ ಎಲ್ಲಿ ಹೋಯಿತು?

ಲಾಟೀನು ಹಗ್ಗದ ತುದಿಯಲ್ಲಿ ತೂಗುತ್ತ ಹಗೇವಿನೊಳಗೆ ಇಳಿಯಿತು. ದೀಪ ಆರಲಿಲ್ಲ.

"ಕೆಟ್ಟ ಗಾಳಿ ಹೋಗೈತಿ. ಇನ್ನ ಇಳೀತೀನಿ" ಎಂದು ಹೊಳೆಯಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

ಹಗೇವು ಎಂದರೆ ಜೋಳ ತುಂಬಿಡುವ ನೆಲದಡಿಯ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುಗ್ಗಿ ಮುಗಿದ ಮೇಲೆ ಸುತ್ತ ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಕೂಡಲೇ ಮಾತ್ರ ಯಾರೂ ಒಳಗಿಳಿಯಬಾರದು. ಒಂದು ದಿನ ಬಾಯಿ ತೆಗೆದಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯಬೇಕು. ಸಂಶಿಯ ಹತ್ತಿರದ ಎರೆಕೊಪ್ಪದಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು.

ಆದರೂ ಅವತ್ತು ಅರ್ಧ ಊರು ಬಂದು ಹಗೇವಿನ ಸುತ್ತ ನಿಂತಿತ್ತು. ಯಾಕೆಂದರೆ ಅದು ದುರ್ಗವ್ವನ ಹಗೇವು. ಆರು ವರ್ಷ ಆಕೆ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಮೊನ್ನೆ ಹತ್ತಿ ಹೇರಿದ ಚಕ್ಕಡಿಯ ಗಾಲಿ ಬಾಯಿಯ ಹತ್ತಿರ ಕುಸಿಯಿತು. ಎತ್ತಿನ ಕಾಲು ಸ್ವಲ್ಪದರಲ್ಲಿ ಮುರಿಯದೆ ಉಳಿಯಿತು. ತೆಗೆಯಬೇಕು, ಇಲ್ಲ ಹೂಳಬೇಕು ಎಂದು ಹಿರಿಯರು ಹಟ ಹಿಡಿದಾಗ ದುರ್ಗವ್ವ ಸಂಶಿಯಿಂದ ತನ್ನ ತಮ್ಮ ಹೊಳೆಯಪ್ಪನನ್ನು ಕರೆಸಿದಳು.

"ಇನ್ನ ಸಡಲ ಬಿಡ್ರಿ. ಕಾಲಿಗೆ ಜೋಳ ಹತ್ತವಲ್ದು" ಎಂದು ಒಳಗಿನಿಂದ ಹೊಳೆಯಪ್ಪ ಕೂಗಿದ. ಹಗ್ಗ ಹಿಡಿದವರು ಸಡಿಲ ಬಿಟ್ಟರು.

"ಇನ್ನಷ್ಟ ಬಿಡ್ರಿ... ಹಾಂ, ನಿಂತೆ. ಮ್ಯಾಲಿನ ಹೊಟ್ಟೆಲ್ಲಾ ಕರ್ರಗಾಗೈತಿ. ತಗೀತೀನಿ ತಡೀರಿ—"

ಹಗ್ಗ ಒಮ್ಮೆಲೇ ಜಗ್ಗಿತು.

"ಏನಾತೋ ಹೊಳೆಯಪ್ಪಾ?"

"ಎಳೀರಿ! ನನ್ನ ಮ್ಯಾಲೆ ಎಳೀರಿ!"

ಮೇಲೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಕ್ಕನ ಕಡೆ ನೋಡಿದ, ನೋಡಲಾರದೆ ನೆಲ ನೋಡಿದ. "ಒಳಗ ಒಬ್ಬ ಮನಿಷ್ಯಾ ಅದಾನ" ಎಂದ. "ಬರೇ ಎಲುಬು."

ತಲೆಬುರುಡೆ ಒಂದು ಮಗ್ಗುಲಲ್ಲಿ ಒಡೆದಿತ್ತು. ಎಲುಬುಗಳ ಜೊತೆ ಕಪ್ಪಾದ ಒಂದು ಬೆಳ್ಳಿಯ ಉಡಿದಾರವೂ ಮೇಲೆ ಬಂತು. ದುರ್ಗವ್ವ ಮುಂದೆ ಬಂದು ಅದನ್ನು ಕೈಗೆತ್ತಿಕೊಂಡಳು. ಸೆರಗಿನಿಂದ ಒರೆಸಿ, ಕೊಂಡಿ ತಿರುವಿ ನೋಡಿದಳು.

"ನಮ್ಮವರದು" ಎಂದಳು. ಅಳಲಿಲ್ಲ.

ಅಳಲಿಲ್ಲ ಎನ್ನುವುದನ್ನು ಊರು ತಕ್ಷಣ ನೆನಪಿಟ್ಟುಕೊಂಡಿತು.

ಎಲ್ಲರಿಗಿಂತ ಮುಂದೆ, ಹಗೇವಿನ ಬಾಯಿಗೆ ಹತ್ತಿಕೊಂಡು ನಿಂತವಳು ರೇವವ್ವ. ಎಲ್ಲಿದ್ದರೂ ಮುಂದೆ ನಿಲ್ಲುವುದೇ ಅವಳ ಚಾಳಿ. ಎರೆಕೊಪ್ಪದ ಹಿಟ್ಟಿನ ಗಿರಣಿ ಅವಳದು. ಹೆಂಗಸಿನ ಕೈಯಲ್ಲಿ ಗಿರಣಿ ನಡೆಯುತ್ತದೆಯೇ ಎಂದು ಮೀಸೆಯಡಿ ನಕ್ಕವರ ಮನೆಯ ಬುಟ್ಟಿಗಳೆಲ್ಲ ಈಗ ಅವಳ ಬಾಗಿಲಲ್ಲಿ ಪಾಳಿ ಹಚ್ಚುತ್ತಿದ್ದವು. ಅದನ್ನು ದಿನಾ ನೋಡುವುದೇ ಅವಳಿಗೆ ಹಬ್ಬ. ಯಾವ ಮನೆಯ ಜೋಳ ಹೇಗಿದೆ, ಯಾರು ಬೀಸಿಸಿದ್ದು ಬೀಗರಿಗಾಗಿ, ಯಾರ ಮನೆಯಲ್ಲಿ ಎರಡು ಒಲೆ ಆಗಿವೆ — ಎಲ್ಲವೂ ಅವಳ ಬಾಯಿಪಾಠ. ಅದನ್ನು ಮುಚ್ಚಿಡುವ ಸ್ವಭಾವವೂ ಅವಳದಲ್ಲ.

ಗಿರಣಿಯ ಎದುರಿಗೇ ಬೇವಿನ ಕಟ್ಟೆ. ಅದು ಊರ ಗಂಡಸರ ಕೋರ್ಟು. ಹುಬ್ಬಳ್ಳಿಯಲ್ಲಿ ಖೂನಿಯಾಗಲಿ, ಗದಗಿನಲ್ಲಿ ಯಾರಾದರೂ ಕಾಣೆಯಾಗಲಿ, ಪೊಲೀಸರಿಗೆ ಸುಳಿವು ಸಿಗುವ ಮೊದಲೇ ಕಟ್ಟೆಯ ಮೇಲೆ ತೀರ್ಪು ಆಗಿರುತ್ತಿತ್ತು. ಪೇಪರು ಓದಿ ಹೇಳುವವನು ಶಂಕ್ರಪ್ಪ. ಒಳ್ಳೆಯ ಮಾತುಗಾರ. ಅವನು ಕನ್ನಡಕ ತೆಗೆದು ಒರೆಸತೊಡಗಿದನೆಂದರೆ ಕೊಲೆಗಾರ ಯಾರೆಂದು ಗೊತ್ತಾಯಿತು ಎಂದೇ ಲೆಕ್ಕ.

ಆದರೆ ಪೇಪರಿನ ಖೂನಿಗಳೆಲ್ಲ ಹಳಸಿ ಹೋಗುತ್ತಿದ್ದವು. ಆರು ವರ್ಷವಾದರೂ ಹಳಸದ ಸರಕು ಒಂದೇ — ದುರ್ಗವ್ವನ ಗಂಡ ಮೈಲಾರಪ್ಪ ಎಲ್ಲಿ ಹೋದ?

ಕಾರಹುಣ್ಣಿಮೆಯ ಮರುದಿನ ಸಂಜೆ ಹೊಲಕ್ಕೆ ಹೋದವನು ಮನೆಗೆ ಬರಲಿಲ್ಲ. ಅಂದು ರಾತ್ರಿಯೆಲ್ಲ ಮಳೆ. ನಾಟಕ ಕಂಪನಿಯ ಪಾತ್ರದವಳ ಬೆನ್ನು ಹತ್ತಿ ಹೋದ ಎಂದರು ಕೆಲವರು. ಗೋವಾದಲ್ಲಿ ಬೇರೆ ಸಂಸಾರ ಮಾಡಿದ್ದಾನೆ ಎಂದರು ಇನ್ನು ಕೆಲವರು. ಹೆಂಡತಿಯ ಬಿರುಸು ಮಾತಿಗೆ ಬೇಸತ್ತು ಸನ್ಯಾಸಿಯಾದ ಎಂದವರೂ ಇದ್ದರು. ದುರ್ಗವ್ವ ಮಾತ್ರ ಕುಂಕುಮ ಅಳಿಸಲಿಲ್ಲ, ಹಸಿರು ಬಳೆ ತೆಗೆಯಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ ಗಂಡ ತಾನೇ ತುಂಬಿ ಮುಚ್ಚಿದ್ದ ಹಗೇವನ್ನು, ಮುಚ್ಚಿದವನೇ ಬಂದು ತೆಗೆಯಬೇಕು ಎಂದು ಕೂತಳು. ಮನೆಯ ಜೋಳ ನೆಲದೊಳಗಿದ್ದರೂ ಕಂಡವರ ಹೊಲದಲ್ಲಿ ಕೂಲಿ ಮಾಡಿ ಉಂಡಳು. ಕಟ್ಟೆಯವರು ಅದಕ್ಕೆ ತಲೆದೂಗಿದ್ದರು. ಶಂಕ್ರಪ್ಪನಂತೂ "ಹೆಂಗಸಂದ್ರ ಇಕಿ" ಎಂದು ಎಷ್ಟೋ ಸಲ ಹೊಗಳಿದ್ದ.

ಕುಂದಗೋಳದ ಪೊಲೀಸ್ ಠಾಣೆಯಿಂದ ಫೌಜದಾರ ಶಿದ್ಲಿಂಗಪ್ಪ ಬಂದಾಗ ಹೊತ್ತು ನೆತ್ತಿಗೇರಿತ್ತು. ಕಟ್ಟೆಯ ಮೇಲೆಯೇ ಕುರ್ಚಿ ಹಾಕಿದರು.

"ಹಗೇವು ಮುಚ್ಚಿದವ್ರು ಯಾರವ್ವಾ?" ಎಂದು ಅವನು ದುರ್ಗವ್ವನನ್ನು ಕೇಳಿದ.

"ನಮ್ಮವರ‍್ರಿ."

"ಆಮ್ಯಾಲೆ ತಗದದ್ದು?"

"ನಿನ್ನೆ."

"ನಡುವ ಯಾರೂ ತಗೀಲಿಲ್ಲ?"

"ನಾ ತಗೀಗೊಡಲಿಲ್ರಿ."

"ಯಾಕ?"

"ಅವರ ಬಂದು ತಗೀಲಿ ಅಂತ ಇದ್ದೆ."

ಫೌಜದಾರ ಅವಳ ಹಣೆಯ ಕುಂಕುಮವನ್ನೊಮ್ಮೆ ನೋಡಿದ. ಶಂಕ್ರಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ.

"ಸಾಹೇಬ್ರ, ನಡುವ ಬಾಯಿ ಹಾಕ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ಆರು ವರ್ಷ ಮನ್ಯಾಗ ಕಾಳಿಲ್ಲ, ಹಗೇವು ತುಂಬ ಜೋಳ. ಊರೆಲ್ಲಾ ತಗೀ ಅಂದ್ರೂ ಇಕಿ ಒಲ್ಲೆ ಅಂದ್ಲು. ನಾವು ಪಾಪ, ಗಂಡನ ಮ್ಯಾಲಿನ ಜೀವ ಅಂತ ತಿಳಕೊಂಡ್ವಿ. ತಗದ್ರ ಒಳಗ ಏನೈತಿ ಅಂತ ಇಕಿಗೆ ಗೊತ್ತಿತ್ತು ಅಂತ ಈಗ ತಿಳೀತು. ಒಬ್ಬಾಕಿ ಹೆಂಗಸು ಆ ಕಲ್ಲು ಎತ್ತೂದಾಗೂದಿಲ್ಲ. ತಮ್ಮ ಬಾಜೂಕಿನ ಊರಾಗ ಅದಾನ. ಭಾವಗೂ ಅವಗೂ ಕಾರಹುಣ್ಣಿವಿ ದಿನ ಎತ್ತಿನ ಸಲುವಾಗಿ ಜಗಳ ಆಗಿದ್ದು ಇಡೀ ಊರು ನೋಡೇತಿ."

ಜನ ಗುಜುಗುಜು ಎಂದಿತು. ನಿನ್ನೆಯವರೆಗೆ ನಾಟಕದವಳು, ಗೋವಾ ಎನ್ನುತ್ತಿದ್ದವರೆಲ್ಲ ನಮಗೂ ಹಾಗೇ ಅನ್ನಿಸಿತ್ತು ಎಂದರು.

"ಮೈಲಾರಪ್ಪ ಹುಬ್ಬಳ್ಳಿ ಬಸ್ ಹತ್ತಿದ್ದನ್ನ ನೋಡೀವಿ ಅಂತ ಆಗ ಪೊಲೀಸ್ರ ಮುಂದ ಬರಿಸೀರಲ್ಲ, ನೋಡಿದಾಂವ ಯಾರು?" ಎಂದು ಫೌಜದಾರ ಗದರಿದ.

ಒಬ್ಬ ಇನ್ನೊಬ್ಬನ ಕಡೆ ಬೆರಳು ಮಾಡಿದ. ಅವನು ಮತ್ತೊಬ್ಬನ ಕಡೆ ಮಾಡಿದ. ಕಡೆಗೆ ಬೆರಳೆಲ್ಲ ಸೇರಿ ಹೋದ ವರ್ಷ ತೀರಿಕೊಂಡ ಒಬ್ಬ ಮುದುಕನ ಮನೆಯ ಕಡೆ ತಿರುಗಿದವು. ಫೌಜದಾರ ಹಲ್ಲು ಕಚ್ಚಿದ. ಹೊಳೆಯಪ್ಪನನ್ನು ಜೀಪಿನಲ್ಲಿ ಕೂರಿಸಿದ. "ಊರು ಬಿಟ್ಟು ಹೋಗಬ್ಯಾಡ. ನಾಳೆ ಹೆಣ್ಣು ಪೊಲೀಸರನ್ನ ಕರಕೊಂಡು ಬರ್ತೀನಿ" ಎಂದು ದುರ್ಗವ್ವನಿಗೆ ಹೇಳಿ ಹೊರಟ.

ದುರ್ಗವ್ವ ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದಳು. ಅವಳು ದಾಟುವಾಗ ಹೆಂಗಸರು ಸೆರಗು ಸರಿಸಿಕೊಂಡು ಹಿಂದೆ ಸರಿದರು.

ರೇವವ್ವನಿಗೆ ಮೈಯೆಲ್ಲ ಉರಿಯಿತು. ನಾಳೆ ಆ ಹೆಂಗಸು ಜೀಪು ಹತ್ತಿದರೆ, ಆಮೇಲೆ ಬಿಟ್ಟು ಕಳಿಸಿದರೂ ಗಂಡನನ್ನು ಕೊಂದವಳು ಎಂಬ ಹೆಸರು ಅವಳನ್ನು ಬಿಡುವುದಿಲ್ಲ. ಆದರೆ ಬರೀ ಉರಿದರೆ ಏನು ಬಂತು? ಒಂದು ಮಾತು ಅವಳ ತಲೆಯಲ್ಲಿ ಬೆಳಗಿನಿಂದ ಕೊರೆಯುತ್ತಿತ್ತು. ಗಿರಣಿಯ ಬಾಗಿಲು ಹಾಕಿ ಸೀದಾ ದುರ್ಗವ್ವನ ಮನೆಗೆ ಹೋದಳು.

"ದುರ್ಗವ್ವಾ, ನೀ ಅಳೂದಿದ್ರ ಆಮ್ಯಾಲೆ ಅಳು. ಈಗ ನಾ ಕೇಳಿದ್ದಕ್ಕ ಹೇಳು."

"ಅಳೂದಿಲ್ಲ ಯಕ್ಕಾ. ಕೇಳು."

"ಹಗೇವು ತುಂಬಿದಾಗ ನೀ ಇದ್ದಿ?"

"ಇದ್ದೆ. ಅವರು, ನಾನು, ನನ್ನ ತಮ್ಮ."

"ಜೋಳ ಎಲ್ಲೀ ಮಟ ಇತ್ತು?"

"ಬಾಯೀ ಮಟ. ತುಳದು ತುಳದು ತುಂಬಿದ್ವಿ. ಹೊಟ್ಟು ತುರುಕಾಕ ಸುದ್ಧಾ ಜಾಗ ಉಳಿದಿಲ್ಲ ಅಂತ ಅವರು ನಕ್ಕಿದ್ರು."

ರೇವವ್ವ ತೊಡೆ ತಟ್ಟಿಕೊಂಡಳು. "ನಾ ಅದನ್ನ ಅಂದ್ಕೊಂಡೆ! ನಿನ್ನ ತಮ್ಮ ಇಳಿಯೂವಾಗ ಕಾಲಿಗೆ ಜೋಳ ಹತ್ತವಲ್ದು ಅಂದ. ಎರಡ ಸಲ ಹಗ್ಗ ಸಡಲ ಬಿಟ್ರು."

"ಆರು ವರ್ಷಕ್ಕ ಕುಸದಿರಬೇಕಲ್ಲ ಯಕ್ಕಾ?"

"ಕುಸದ್ರ ಗೇಣು ಕುಸೀತೈತಿ. ಆಳುದ್ದ ಕುಸೀತೈತೇನು? ಮ್ಯಾಲೆ ಒಂದು ಹೆಣ ಇಟ್ಟಾರ ಅಂದ್ರ ಜೋಳ ಏರಬೇಕು, ಇಳೀಬಾರದು. ಮ್ಯಾಲಿನ ಹೊಟ್ಟು ಕರ್ರಗಾಗೈತಿ ಖರೆ, ಎಲುಬಿನ ಜೋಡಿ ಮ್ಯಾಲೆ ಬಂದ ಕೆಳಗಿನ ಜೋಳ ನಾ ಮುಷ್ಟಿ ತಗದು ನೋಡೀನಿ, ಹುಳ ಸುದ್ಧಾ ಹತ್ತಿಲ್ಲ. ತುಂಬಿದ ಹಗೇವಿನಾಗ ಮನಿಷ್ಯಾನ್ನ ಇಡಬೇಕಂದ್ರ ಮೊದಲ ಜೋಳ ಹೊರಗ ತಗೀಬೇಕು. ತಗದ ಜೋಳ ಎಲ್ಲಿ ಹೋತು?"

ದುರ್ಗವ್ವ ಬಾಯಿ ತೆರೆದು ನೋಡಿದಳು. ಊರೆಲ್ಲ ಎಲುಬು ನೋಡುತ್ತಿದ್ದಾಗ ಈಕೆ ಜೋಳ ನೋಡಿದ್ದಳು.

"ಇನ್ನೊಂದು. ಆವತ್ತು ಹೊಲಕ್ಕ ಹೋಗೂವಾಗ ಮೈಲಾರಪ್ಪ ಏನಂದಾ?"

"ಏನೈತಿ... 'ನಮ್ಮ ಬಾಂದಗಲ್ಲಿಗೆ ಕಾಲು ಬಂದಾವು, ಹಿಡದು ನಿಲ್ಲಿಸಿ ಬರ್ತೀನಿ' ಅಂದ್ರು. ಚಾಷ್ಟಿ ಮಾಡೂದು ಅವರ ಗುಣ. ಆಗ ಬಂದ ಪೊಲೀಸ್ರಿಗೂ ಹೇಳಿ ಬರಿಸಿದ್ದೆ. ನಕ್ಕರು."

"ನಿಮ್ಮ ಹೊಲಕ್ಕ ಹತ್ತಿದ ಹೊಲ ಯಾರದು?"

"ಶಂಕ್ರಪ್ಪಂದು. ಇವರು ಹೋದ ಮ್ಯಾಲೆ ನಮ್ಮ ಹೊಲಾನೂ ಅಂವ ಲಾವಣಿಗೆ ಹಿಡದು ಉಳತಾನ."

ಬಾಂದಗಲ್ಲು ಎಂದರೆ ಎರಡು ಹೊಲದ ನಡುವಿನ ಗಡಿಯ ಕಲ್ಲು. ಅದಕ್ಕೆ ತಾನಾಗಿ ಕಾಲು ಬರುವುದಿಲ್ಲ. ರೇವವ್ವ ಎದ್ದು ಹೊರಗೆ ಬಂದು ಹಗೇವಿನ ಬಯಲನ್ನೊಮ್ಮೆ ನೋಡಿದಳು. ದುರ್ಗವ್ವನ ಹಗೇವಿಗೆ ಬೆನ್ನು ಹಚ್ಚಿಕೊಂಡೇ ಶಂಕ್ರಪ್ಪನ ಹಿತ್ತಲ ಗೋಡೆ ಇತ್ತು. ಆದರೆ ಆ ಬಯಲಿಗೆ ಬೇರೆ ಮನೆಗಳ ಹಿತ್ತಲೂ ಹತ್ತಿದ್ದವು. ಗೋಡೆ ನೋಡಿ ಯಾರನ್ನೂ ಕೊಲೆಗಾರ ಎನ್ನಲಾಗದು. ಜೋಳ ಸಿಗಬೇಕು.

ಆರು ವರ್ಷದ ಹಿಂದೆ ರೊಟ್ಟಿಯಾಗಿ ಹೋದ ಜೋಳ ಎಲ್ಲಿಂದ ಸಿಗಬೇಕು?

ಗಿರಣಿಯ ಬಾಗಿಲಲ್ಲಿ ಜುಲೇಖಾಬಿ ಬುಟ್ಟಿಯಿಟ್ಟುಕೊಂಡು ಕಾಯುತ್ತಿದ್ದಳು. ರೇವವ್ವನ ಗೆಳತಿ, ನಾಲಿಗೆಯಲ್ಲಿ ಅವಳಿಗೆ ಸರಿಜೋಡಿ.

"ಎಲ್ಲಿ ಹೋಗಿದ್ದೆ ಬೇ? ಒಲೀ ಮುಂದ ಕುಂತ ಮಂದಿ ನನ್ನ ಬೈಯಾಕ ಹತ್ತಿರ‍್ತಾರ."

"ಜುಲೇಖಾ, ಮೈಲಾರಪ್ಪ ಹೋದ ವರ್ಷದ ಮಳಿಗಾಲ ನೆಪ್ಪೈತೇನು? ಆಗ ಯಾರರ ಹಗೇವಿನ ಜೋಳ ಬೀಸಿಸಾಕ ತಂದಿದ್ರಾ?"

"ಮಳಿಗಾಲದಾಗ ಯಾವ ಹುಚ್ಚ ಹಗೇವು ತಗೀತಾನ? ನೀರು ಹೊಕ್ಕು ಇದ್ದಬಿದ್ದದ್ದೂ ಕೊಳೀತೈತಿ. ಎಲ್ಲಾರೂ ಬ್ಯಾಸಿಗ್ಯಾಗ ತಗದು ಮಳಿಗಾಲಕ್ಕ ಬೇಕಾದಷ್ಟು ಮನ್ಯಾಗ ತುಂಬಿಕೋತಾರ. ಯಾಕ?"

"ಸುಮ್ನ ಕೇಳಿದೆ."

"ನೀ ಸುಮ್ನ ಕೇಳೂ ಪೈಕಿ ಅಲ್ಲ" ಎಂದು ನಕ್ಕ ಜುಲೇಖಾಬಿ ಬುಟ್ಟಿ ಎತ್ತುವಾಗ ಮೂಗು ಮುರಿದಳು. "ಹಗೇವಿನ ಜೋಳ ಅಂದ ಕೂಡ್ಲೇ ಆ ಪಂಚಮಿ ಜಗಳ ನೆಪ್ಪಾತು ನೋಡು. ಆ ಹಿಟ್ಟು ನಮ್ಮನಿ ನಾಯಿ ಸುದ್ಧಾ ಮೂಸಲಿಲ್ಲ!"

ರೇವವ್ವ ಗಿರಣಿಯ ಗಾಲಿಗೆ ಏರಿಸುತ್ತಿದ್ದ ಪಟ್ಟಾ ಬಿಟ್ಟು ನಿಂತಳು.

ಹೌದು. ಅದೇ ವರ್ಷ. ನಾಗರಪಂಚಮಿಯ ಹಿಂದಿನ ದಿನ ಊರ ಹೆಂಗಸರೆಲ್ಲ ಉಂಡಿಗೆ, ಜೋಳದ ಅರಳಿನ ಅಳ್ಳಿಟ್ಟಿಗೆ ಪಾಳಿ ಹಚ್ಚಿದ್ದರು. ನಡುವೆ ಒಂದು ಬುಟ್ಟಿ ಜೋಳ ಬಿತ್ತು. ಅದರ ಹಿಂದೆ ಬಿದ್ದ ಹಿಟ್ಟೆಲ್ಲ ಮುಗ್ಗಲು ವಾಸನೆ. ಹಗೇವಿನ ಜೋಳಕ್ಕೆ ಮಾತ್ರ ಬರುವ ಮಣ್ಣಿನ ವಾಸನೆ ಅದು. ಹಬ್ಬದ ಹಿಟ್ಟು ಕೆಟ್ಟಿತೆಂದು ಹೆಂಗಸರು ಹೊಡೆದಾಡುವುದೊಂದೇ ಬಾಕಿ. ಆ ಬುಟ್ಟಿಯ ಒಡತಿ ಆಣೆ ಮಾಡಿ ಹೇಳಿದ್ದಳು — ನಮ್ಮನೆಯಲ್ಲಿ ಹಗೇವೇ ಇಲ್ಲ, ನಾವು ಕಣಜದ ಜೋಳ ಉಣ್ಣುವವರು, ನಾರುತ್ತಿರುವುದು ರೇವವ್ವನ ಗಿರಣಿ! ಹಗೇವಿಲ್ಲದ ಮನೆಯೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಗಿರಣಿಯನ್ನೇ ಬೈದರು. ರೇವವ್ವ ಕಲ್ಲು ಬಿಚ್ಚಿಸಿ ತೊಳೆಸಿದಳು, ಬಂದವರಿಗೆಲ್ಲ ಬಿಟ್ಟಿ ಬೀಸಿಕೊಟ್ಟಳು. ಆ ಅಪಮಾನ ಇನ್ನೂ ಅವಳ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಅಂದೇ ಆಣೆ ಮಾಡಿದ್ದಳು. ಆ ಮನೆಯವರೂ ಅಂದಿನಿಂದ ಸಂಶಿಯ ಗಿರಣಿಗೆ ಹೋಗುತ್ತಿದ್ದರು.

ಬುಟ್ಟಿ ತಂದವಳು ಸುಶೀಲವ್ವ. ಶಂಕ್ರಪ್ಪನ ಹೆಂಡತಿ.

ಕಟ್ಟೆಯ ಮೇಲೆ ಶಂಕ್ರಪ್ಪನ ಧ್ವನಿ ಜೋರಾಗಿ ಕೇಳುತ್ತಿತ್ತು. ಹೊಳೆಯಪ್ಪ ಯಾವ ಕಡೆಯಿಂದ ಬಂದ, ಕಲ್ಲು ಹೇಗೆ ಎತ್ತಿದ ಎಂದು ಕಣ್ಣಿಗೆ ಕಟ್ಟುವಂತೆ ವಿವರಿಸುತ್ತಿದ್ದ. ಇನ್ನೂ ಹೊತ್ತಾಗುತ್ತದೆ ಎಂದುಕೊಂಡ ರೇವವ್ವ ಸೆರಗು ಬಿಗಿದು, ಆರು ವರ್ಷದ ಆಣೆ ಮುರಿದು, ಆ ಹೊಸ್ತಿಲು ದಾಟಿದಳು. ಅದು ಅವಳಿಗೆ ಸಣ್ಣ ಮಾತಾಗಿರಲಿಲ್ಲ.

ಸುಶೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಂಡವಳೇ ಗಾಬರಿಯಿಂದ ಎದ್ದಳು.

"ಯಕ್ಕಾ! ನೀ... ನಮ್ಮನಿಗೆ?"

"ಕುಂಡ್ರು. ಜಗಳಕ್ಕ ಬಂದಿಲ್ಲ. ಆ ಪಂಚಮಿ ದಿನ ನೀ ತಂದ ಜೋಳ ನಾರ್ತಿತ್ತು. ಖರೆ ಹೇಳು, ಹೌದಲ್ಲೋ?"

ಸುಶೀಲವ್ವ ತಲೆ ತಗ್ಗಿಸಿದಳು. "ನಾರ್ತಿತ್ತು ಯಕ್ಕಾ. ನಿನ್ನ ಗಿರಣೀದೇನೂ ತಪ್ಪಿದ್ದಿಲ್ಲ. ಅಷ್ಟ ಮಂದ್ಯಾಗ ಮರ್ಯಾದಿಗೆ ಅಂಜಿ ಹಂಗಂದೆ."

ಆರು ವರ್ಷ ಕಾದಿದ್ದ ಮಾತು ಅದು. ಬೇರೆ ದಿನವಾಗಿದ್ದರೆ ರೇವವ್ವ ಅದನ್ನು ಊರೆಲ್ಲ ಡಂಗುರ ಸಾರಿಸುತ್ತಿದ್ದಳು. ಇವತ್ತು ನುಂಗಿಕೊಂಡಳು.

"ಆ ಜೋಳ ಎಲ್ಲಿಂದ ಬಂದಿತ್ತು?"

"ನಮ್ಮವರು ತಂದು ಕಣಜಕ್ಕ ಸುರುವಿದ್ರು. ದೇವಿಕೊಪ್ಪದ ಅವರ ಅಕ್ಕನ ಮನಿಯಿಂದ ಬಂದೈತಿ ಅಂದ್ರು. ಹಸನು ಮಾಡೂವಾಗ ಅದರಾಗ ಹೊಟ್ಟು ಬಾಳ ಸಿಕ್ಕಿತ್ತು."

"ದೇವಿಕೊಪ್ಪದಾಗ ಏನ್ ಬೆಳೀತಾರವ್ವಾ?"

"ಬತ್ತ..." ಎಂದ ಸುಶೀಲವ್ವ ಅಲ್ಲಿಗೇ ನಿಂತಳು.

"ಬತ್ತ ಬೆಳೆಯೋ ನಾಡು ಅದು. ನೆಲ ತೋಡಿದ್ರ ನೀರು ಬರೂ ಕಡೆ ಹಗೇವು ಯಾರು ತೋಡ್ತಾರ? ಅಲ್ಲಿಂದ ನಿಮಗ ಹಗೇವಿನ ಜೋಳ ಹೆಂಗ ಬಂತು?"

ಮೊರದ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಹಿತ್ತಲ ಬಾಗಿಲು ತೆರೆದಿತ್ತು. ಅದರಾಚೆ ಗೋಡೆ, ಗೋಡೆಯಾಚೆ ಬಾಯಿ ತೆರೆದ ಹಗೇವು. ಸುಶೀಲವ್ವ ಅತ್ತ ನೋಡಿದಳು, ರೇವವ್ವನನ್ನು ನೋಡಿದಳು, ಮತ್ತೆ ಅತ್ತ ನೋಡಿದಳು.

"ಯಕ್ಕಾ, ಆ ಜೋಳದ ರೊಟ್ಟಿ ಬಡದು ನನ್ನ ಮಕ್ಕಳಿಗೆ ಹಾಕೀನಿ" ಎಂದಳು.

ರೇವವ್ವ ಅವಳ ಕೈ ಹಿಡಿದುಕೊಂಡಳು. "ನಾಳೆ ನಾ ಮಾತಾಡ್ತೀನಿ. ನಿನ್ನ ಹೆಸರು ತಗ್ಯಾಂಗಿಲ್ಲ. ಹೇಳೂದು ಬಿಡೂದು ನಿನಗ ಬಿಟ್ಟಿದ್ದು" ಎಂದು ಎದ್ದುಬಂದಳು.

ಮರುದಿನ ಜೀಪು ಬಂದಾಗ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹೊಳೆಯಪ್ಪನನ್ನೂ ಕರೆತಂದಿದ್ದರು. ಹೆಣ್ಣು ಪೊಲೀಸರು ದುರ್ಗವ್ವನ ಕಡೆ ಹೆಜ್ಜೆಯಿಡುವಷ್ಟರಲ್ಲಿ ರೇವವ್ವ ಅಡ್ಡ ನಿಂತಳು.

"ಫೌಜದಾರ ಸಾಹೇಬ್ರ, ಇಕೀನ ಒಯ್ಯೂಕ್ಕಿಂತ ಮೊದ್ಲ ನನ್ನದೊಂದು ಮಾತು ಕೇಳ್ರಿ. ತಪ್ಪಂತ ಕಂಡ್ರ ನನ್ನನ್ನೂ ಜೀಪಿನಾಗ ಕುಂದ್ರಸ್ರಿ."

ಕಟ್ಟೆಯ ಮೇಲೆ ಯಾರೋ ನಕ್ಕರು. ಫೌಜದಾರ ನಗಲಿಲ್ಲ. "ಹೇಳ್ರಿ ರೇವವ್ವಾರ" ಎಂದ.

"ಹಗೇವು ಬಾಯೀ ಮಟ ತುಂಬಿತ್ತು. ಮೊನ್ನೆ ತಗದಾಗ ಆಳುದ್ದ ಬರಿದಾಗಿತ್ತು. ಹೊಳೆಯಪ್ಪ ಕಾಲಿಗೆ ಜೋಳ ಹತ್ತವಲ್ದು ಅಂದದ್ದನ್ನ ಇಲ್ಲಿದ್ದವರೆಲ್ಲಾ ಕೇಳೀರಿ. ಕೇಳೀರಿಲ್ಲೋ?"

"ಕೇಳೀವಿ" ಎಂದರು ಹಗ್ಗ ಹಿಡಿದಿದ್ದವರು.

"ಹೆಣಕ್ಕ ಜಾಗ ಮಾಡಾಕ ಜೋಳ ತಗದಾರ. ಆ ಜೋಳ ದುರ್ಗವ್ವ ಒಯ್ದಿದ್ರ ನನ್ನ ಗಿರಣಿಗೆ ಬರಬೇಕಿತ್ತು. ಆ ವರ್ಷ ಇಕಿ ತಂದದ್ದು ಕೂಲಿ ಜೋಳ. ನಾಕು ಹೊಲದ್ದು ಕೂಡಿದ್ದು, ಬಿಳೇದು, ಕೆಂಪು, ಎಲ್ಲಾ ಕಲಬೆರಕಿ."

"ತಮ್ಮ ಒಯ್ದಿರಬೇಕು ಸಂಶಿಗೆ" ಎಂದ ಶಂಕ್ರಪ್ಪ, ಕಟ್ಟೆಯ ಮೇಲಿಂದಲೇ.

"ಅಂವ ಒಯ್ದಿದ್ರ ಎರೆಕೊಪ್ಪದ ಪಂಚಮಿ ಹಿಟ್ಟು ಯಾಕ ನಾರ್ತಿತ್ತು ತಮ್ಮಾ? ಇಲ್ಲಿರೂ ಹೆಣಮಕ್ಕಳನ್ನ ಕೇಳು. ಮಳಿಗಾಲದಾಗ ಊರಾಗ ಒಂದು ಹಗೇವೂ ತಗದಿಲ್ಲ. ಆದ್ರೂ ನನ್ನ ಕಲ್ಲಿನ ಮ್ಯಾಲೆ ಹಗೇವಿನ ಜೋಳ ಬಿತ್ತು. 'ನಮ್ಮನ್ಯಾಗ ಹಗೇವ ಇಲ್ಲ' ಅಂತ ಆಣಿ ಮಾಡಿದ ಮನಿಯಿಂದ ಬಿತ್ತು."

ಹೆಂಗಸರ ಗುಂಪಿನಲ್ಲಿ ಒಮ್ಮೆಲೇ ಗದ್ದಲವೆದ್ದಿತು. "ಹೌದ್ರಿ ಸಾಹೇಬ್ರ!" ಎಂದು ಜುಲೇಖಾಬಿ ಎಲ್ಲರಿಗಿಂತ ಜೋರಾಗಿ ಕೂಗಿದಳು. "ಮೈಲಾರಪ್ಪ ಹೋದ ವರ್ಷದ ಪಂಚಮಿ ಅದು. ನನ್ನ ಹಿಟ್ಟೂ ಕೆಟ್ಟಿತ್ತು!"

ಯಾವ ಮನೆಯೆಂದು ಯಾರೂ ಹೇಳಬೇಕಾಗಲಿಲ್ಲ. ಎಲ್ಲರೂ ಶಂಕ್ರಪ್ಪನ ಕಡೆ ತಿರುಗಿದರು. ಅವನು ಕನ್ನಡಕ ತೆಗೆದ. ಒರೆಸಲಿಲ್ಲ.

"ಏನ್ ಆಟ ಹಚ್ಚೀರೇನು? ಆರು ವರ್ಷದ ಹಿಂದಿನ ವಾಸನಿ ಹಿಡಕೊಂಡು ಖೂನಿ ಹೊರಸ್ತೀರಿ? ಆ ಜೋಳ ನಾ ಹುಬ್ಬಳ್ಳಿ ಅಡತಿ ಅಂಗಡ್ಯಾಗ ಕೊಂಡು ತಂದಿದ್ದೆ ಸಾಹೇಬ್ರ."

"ನನಗ ದೇವಿಕೊಪ್ಪದಿಂದ ಬಂದೈತಿ ಅಂದಿದ್ರಿ."

ಸುಶೀಲವ್ವ ಮುಂದೆ ಬಂದು ನಿಂತಿದ್ದಳು.

"ಮನಿಗೆ ಹೋಗು ನೀ!" ಎಂದು ಶಂಕ್ರಪ್ಪ ಅಬ್ಬರಿಸಿದ.

"ಹೋಗೂದಿಲ್ಲ. ನಾ ತೌರುಮನಿಗೆ ಹೋಗಿ ಬರೂದ್ರಾಗ ಕಣಜ ತುಂಬಿತ್ತು. ಮಳಿಗೆ ತೊಯ್ದ ಚೀಲ ಹಿತ್ತಲದಾಗ ಒಣಗಾಕ ಹಾಕಿದ್ರಿ. ಕೇಳಿದ್ರ ಗದರಿಸಿದ್ರಿ. ನಿಮ್ಮ ಮಾತು ನಂಬಿ ನಾ ಈ ಅಕ್ಕನ ಗಿರಣಿ ಮ್ಯಾಲೆ ಸುಳ್ಳು ಹೊರಿಸಿದೆ. ಇನ್ನ ಆಗೂದಿಲ್ಲ."

ಫೌಜದಾರ ಕಟ್ಟೆಯ ಹತ್ತಿರ ಹೋದ. "ದೇವಿಕೊಪ್ಪ ಖರೇನೋ, ಹುಬ್ಬಳ್ಳಿ ಖರೇನೋ ಶಂಕ್ರಪ್ಪಾ? ಎರಡೂ ಕಡೆ ವಿಚಾರಿಸಾಕ ನಮಗ ಹೊತ್ತು ಹತ್ತೂದಿಲ್ಲ. ಬಾಂದಗಲ್ಲು ಅಳಿಯಾಕ ಮೋಜಣಿಯವರನ್ನೂ ಕರಸ್ತೀನಿ. ಕಲ್ಲಿಗೆ ಕಾಲು ಬಂದಾವು ಅಂತ ಅಂದು ಹೋದಾಂವ ತಿರುಗಿ ಬಂದಿಲ್ಲ ಅಂತ ಹಳೇ ಕಾಗದದಾಗ ಐತಿ."

ಬಾಂದಗಲ್ಲಿನ ಮಾತು ಬಂದದ್ದೇ ಶಂಕ್ರಪ್ಪನ ಮಾತುಗಾರಿಕೆ ಬತ್ತಿಹೋಯಿತು. ಕೂತಲ್ಲೇ ಕುಸಿದ.

"ನಾಕು ಸಾಲಿನಷ್ಟು ಸರಿಸಿದ್ದೆ" ಎಂದ, ಯಾರಿಗೋ ಎಂಬಂತೆ. "ಹಿಡಿದ. ಊರಿಗೆ ಹೇಳ್ತೀನಿ ಅಂದ. ಕೈಯಾಗ ಸಲಿಕಿ ಇತ್ತು... ಒಂದ ಏಟು ಸಾಹೇಬ್ರ. ಮುಂದ ಬಿತ್ತಿಗಿ ದಿನ, ಹೊಲದಾಗ ಹೂಳಿದ್ರ ನೇಗಿಲಿಗೆ ಸಿಗ್ತಾನ ಅಂತ ಆ ರಾತ್ರಿ ಮಳ್ಯಾಗ ಹಗೇವಿಗೆ ತಂದು, ಹಾರಿಲೆ ಕಲ್ಲು ಸರಿಸಿದೆ. ಮುಂದಿನ ಬ್ಯಾಸಿಗಿ ಒಳಗ ತಗದು ಬ್ಯಾರೆ ಕಡೆ ಒಯ್ಯೂಣು ಅಂದ್ಕೊಂಡಿದ್ದೆ. ಅಷ್ಟರಾಗ ಇಕಿ ತಗ್ಯಾಂಗಿಲ್ಲ ಅಂತ ಕುಂತಳು."

ಆರು ವರ್ಷ ಶಂಕ್ರಪ್ಪ ದುರ್ಗವ್ವನ ಹಟವನ್ನು ಹೊಗಳಿ ಬೆಳೆಸಿದ್ದು ಯಾಕೆಂದು ಕಟ್ಟೆಗೆ ಈಗ ತಿಳಿಯಿತು. ಅದೇ ಹಟವನ್ನು ಒಂದೇ ದಿನದಲ್ಲಿ ಅವಳ ಕೊರಳಿಗೆ ಸುತ್ತಿದ್ದನ್ನೂ ಅದೇ ಕಟ್ಟೆ ತಲೆಯಾಡಿಸಿ ನೋಡಿತ್ತು.

"ಅಲ್ಲೋ, ಇಷ್ಟೆಲ್ಲಾ ಮಾಡಿದಾಂವ ಆ ಜೋಳ ಒಯ್ದು ಹಳ್ಳಕ್ಕ ಚೆಲ್ಲಿದ್ರ ಯಾರಿಗೂ ತಿಳೀತಿದ್ದಿಲ್ಲ. ಯಾಕ ಚೆಲ್ಲಲಿಲ್ಲ?" ಎಂದು ಫೌಜದಾರ ಕೇಳಿದ.

ಶಂಕ್ರಪ್ಪ ನಿಜವಾಗಿಯೂ ಅರ್ಥವಾಗದವನಂತೆ ತಲೆಯೆತ್ತಿದ. "ಜೋಳ ಅದು ಸಾಹೇಬ್ರ. ಉಣ್ಣೂದು. ಹೆಂಗ ಚೆಲ್ಲೂದು?"

ಅಲ್ಲಿದ್ದ ಒಬ್ಬರೂ ಚೆಲ್ಲುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಮೈ ಜುಮ್ಮೆಂದಿತು.

ಶಂಕ್ರಪ್ಪನನ್ನು ಜೀಪು ಹತ್ತಿಸಿದರು. ಹೊಳೆಯಪ್ಪನನ್ನು ಬಿಟ್ಟು ಕಳಿಸಿದರು. ಸುಶೀಲವ್ವನನ್ನು ಜುಲೇಖಾಬಿ ತನ್ನ ಮನೆಗೆ ಕರೆದುಕೊಂಡು ಹೋದಳು. ಫೌಜದಾರ ರೇವವ್ವನಿಗೆ ಕೈ ಮುಗಿದು, "ನೀವು ನಮ್ಮ ಇಲಾಖೆಯೊಳಗ ಇರಬೇಕಿತ್ತ್ರಿ" ಎಂದ.

"ಗಿರಣಿ ಯಾರು ನಡಸ್ತಾರ‍್ರಿ?" ಎಂದಳು ರೇವವ್ವ. ಆದರೆ ಮುಖ ಹೊಳೆಯುತ್ತಿದ್ದುದನ್ನು ಮುಚ್ಚಿಡಲು ಅವಳಿಂದ ಆಗಲಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ.

ಎಲುಬುಗಳನ್ನು ಮನೆಯವರಿಗೆ ಒಪ್ಪಿಸುವ ದಿನ ದುರ್ಗವ್ವ ತಾನೇ ಕುಂದಗೋಳಕ್ಕೆ ಹೋದಳು. ಗಂಡನನ್ನು ಹೊಸ ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸಿನಿಂದಿಳಿದಳು. ನಾನು ಹೊರುತ್ತೇನೆ ಎಂದು ತಮ್ಮ ಕೈ ಚಾಚಿದರೂ ಕೊಡಲಿಲ್ಲ. ಹಿತ್ತಲ ದಾರಿಯಿಂದ ಹೋಗೋಣ ಎಂದು ಯಾರೋ ಮೆಲ್ಲಗೆ ಅಂದರು. ಆಕೆ ಕೇಳಿಸಿಕೊಳ್ಳದೆ ಊರ ಹೆಬ್ಬಾಗಿಲು ಅಗಸಿಯ ನಡುವಿನಿಂದಲೇ ಒಳಗೆ ಬಂದಳು. ರೇವವ್ವ ಹಾಡಹಗಲಲ್ಲಿ ಗಿರಣಿಯ ಬಾಗಿಲು ಹಾಕಿ ಅವಳ ಪಕ್ಕದಲ್ಲಿ ನಡೆದಳು.

ಬೇವಿನ ಕಟ್ಟೆ ಬಂತು. ಕೂತಿದ್ದವರೆಲ್ಲ ಎದ್ದು ನಿಂತರು. ಕೆಲವರು ತಲೆಯ ರುಮಾಲು ತೆಗೆದರು. ಹಿರಿಯನೊಬ್ಬ ಮುಂದೆ ಬಂದು, "ತಪ್ಪಾತವ್ವಾ ದುರ್ಗವ್ವಾ, ನಿನಗ ಏನೇನೋ ಅಂದ್ವಿ" ಎಂದ.

ದುರ್ಗವ್ವ ನಿಂತಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನನಗ ಅಂದದ್ದು ಇರ್ಲಿ ಬಿಡ್ರಿ ಯಪ್ಪಾ. ಆರು ವರ್ಷ ಇವನಿಗೆ ಅಂದ್ರಿ. ನಾಟಕದಾಕಿ ಅಂದ್ರಿ, ಗೋವಾ ಅಂದ್ರಿ, ಹೆಂಡ್ತಿನ್ನ ಬಿಟ್ಟು ಓಡಿಹೋದ ಅಂದ್ರಿ. ನನ್ನ ಗಂಡ ನನ್ನ ಬಿಟ್ಟು ಈ ಅಗಸಿ ಸುದ್ಧಾ ದಾಟಿರಲಿಲ್ಲ."

ಆಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತಲೆ ಎತ್ತಿಕೊಂಡೇ ಹೊಲದ ಕಡೆ ನಡೆದಳು, ಊರು ಅವಳ ಹಿಂದೆ ನಡೆಯಿತು.